ರೆಕ್ಕಿ ಇಲ್ಲದ ವಿಮಾನಕ್ಕ ಅರ್ಧ ಇಂಚು

ಗೋಕುಲ ರಸ್ತೆ, ಹುಬ್ಬಳ್ಳಿ
೧೯ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ತಮ್ಮ ಮಾಲತೇಶಗ, ನಿಮ್ಮಕ್ಕ ಸುಮಲತಾ ಬರಿಯೂದು.

ಮೊದಲ ಕನಸು ಹೇಳಿಬಿಡ್ತೇನಿ, ಅದನ್ನ ಹೇಳದ ಉಳದದ್ದು ಬರ್ಯಾಕ ಆಗಂಗಿಲ್ಲ. ಇವತ್ತ ನಸುಕಿನ್ಯಾಗ ಬಿದ್ದದ್ದು. ನೀ ಕಲಿಸೂ ಸಾಲಿ ಮೈದಾನ, ಹುಡುಗ್ಯಾರೆಲ್ಲ ಸಾಲ ಹಿಡದು ನೆಲದ ಮ್ಯಾಲ ಕುಂತಾರ, ಎರಡೆರಡು ಜಡಿ, ಕೆಂಪು ರಿಬ್ಬನ್ನು. ಎಲ್ಲಾರೂ ಕುತ್ತಿಗಿ ಎತ್ತಿ ಮ್ಯಾಲ ನೋಡಾಕತ್ತಾರ. ನಾ ಮಾಡಿದ ವಿಮಾನ ಇಳ್ಯಾಕತ್ತೈತಿ, ಆದ್ರ ತೇಲಿ ಇಳ್ಯಾಕತ್ತಿಲ್ಲ, ನನ್ನ ಇದ್ದಲಿ ಇಸ್ತ್ರಿಪೆಟ್ಟಿಗಿ ಕೈ ಜಾರಿದ್ರ ಹೆಂಗ ಬೀಳತೈತೋ ಹಂಗ ಬೀಳಾಕತ್ತೈತಿ. ನಾ ಏಳ್ರವಾ, ಏಳ್ರಿ ಅಂತ ಒದರಬೇಕು, ಆದ್ರ ಬಾಯಿತುಂಬ ಗುಂಡಪಿನ್ನು ಕಚ್ಚಿಕೊಂಡೇನಿ, ಒದರಿದ್ರ ಪಿನ್ನು ಗಂಟಲಕ್ಕ ಇಳಿತಾವು. ಅಷ್ಟರಾಗ ನಿಮ್ಮ ಮಾವ ಅಲಗಾಡಿಸಿ ಎಬಿಸಿದ್ರು. ಹಲ್ಲ ಕಡ್ಯಾಕತ್ತಿದ್ದಿ, ನಾ ಇಲಿ ಬಂತು ಅಂದ್ಕೊಂಡ್ನಿ ಅಂದ್ರು. ಅವರಿಗೆ ಎಲ್ಲಾ ಚ್ಯಾಷ್ಟಿ. ನಾ ಎದ್ದು ಎರಡ ಸಲ ಚಾ ಕುಡದು ಈ ಪತ್ರಕ್ಕ ಕುಂತೇನಿ.

ನೀ ಹೆಂಗದಿ? ಹೊಟ್ಟಿ ಉರಿ ಕಡಿಮಿ ಆತೋ, ಇನ್ನೂ ಆ ಗುಲಾಬಿ ಔಷಧ ಕುಡ್ಯಾಕತ್ತಿಯೋ? ನಿಮ್ಮ ಹುಮನಾಬಾದ ಕಡೆ ಈಗಿಂದನ ಬಿಸಿಲು ಸುರು ಆಗೈತಂತ, ತಲಿಗೆ ಟವೆಲ್ ಹಾಕದ ಮೈದಾನಕ್ಕ ಇಳೀಬ್ಯಾಡ. ಈ ಪತ್ರದ ಕೂಡ ಬರೂ ವಿಮಾನದ ಡಬ್ಬ್ಯಾಗ ಒಂದು ಬದಿಗೆ ಶೇಂಗಾ ಹಿಂಡಿ ಇಟ್ಟೇನಿ, ಮೂರು ಪ್ಲಾಸ್ಟಿಕ್ ಸುತ್ತೇನಿ, ಎಣ್ಣಿ ವಿಮಾನಕ್ಕ ತಾಗಂಗಿಲ್ಲ. ಖಾರ ಕಡಿಮಿ ಹಾಕೇನಿ. ಅವ್ವ ಛಲೋ ಅದಾಳ, ಮೊಣಕಾಲು ಮಾತ್ರ ಅದ ಹಾಡು. ದಿನಾ ಮುಂಜಾನೆ ಕೇಳತಾಳ, ದುರಗವ್ವನ ಮಗ ಫೋನ್ ಮಾಡಿದ್ನೇನು ಅಂತ. ತಾನ ದುರಗವ್ವ, ತನ್ನ ಮಗನ್ನ ಹಿಂಗ ಕೇಳತಾಳ, ಯಾರೋ ಓಣ್ಯಾಗಿನವರ ಮಗನ್ನ ಕೇಳಿದಂಗ. ನಾ ಏನ ಹೇಳ್ಲಿ ಹೇಳು. ಬಿಜಿ ಅದಾನ ಬೇ ಅಂತೇನಿ. ಸುಳ್ಳು ಹೇಳೂ ಕೆಲಸಾನೂ ನನಗ ಹಚ್ಚೀದಿ.

ಹೌದು, ನೀ ಫೋನ್ ಎತ್ತಿದ್ರ ನಾ ಯಾಕ ಪತ್ರ ಬರೀತಿದ್ನಿ? ಡಿಸೆಂಬರ್ ಹದಿನೈದಕ್ಕ ನಾ ನಿನ್ನ ಫೋನಿನ್ಯಾಗ ಬೈದ ಮ್ಯಾಲ ನೀ ಎತ್ತೂದ ಬಿಟ್ಟಿ. ಬೈದ್ನಿ, ಇಲ್ಲ ಅನ್ನಂಗಿಲ್ಲ. ಆದ್ರ ಬಯ್ಯೂದ್ರಾಗ ನಡಕ ಅಳು ಬಂದುಬಿಡ್ತು, ಹೇಳಬೇಕಾದ್ದು ಅರ್ಧ ಉಳೀತು. ಅದಕ್ಕ ಈಗ ಬರ್ಯಾಕತ್ತೇನಿ. ಕಾಗದದ ಮ್ಯಾಲ ಅತ್ರೂ ಯಾರಿಗೂ ಕೇಳಸಂಗಿಲ್ಲ, ಸಾಲು ಮುಂದ ಹೋಗತೈತಿ. ಒಂದು ತಿಂಗಳ ಸುಮ್ಮನಿದ್ದವ ಸಂಕ್ರಾಂತಿ ಮರುದಿನ ಒಂದು ಮೆಸೇಜು ಕಳಿಸಿದಿ. ನನಗದು ಬಾಯಿಪಾಠ ಆಗೈತಿ. 'ಅಕ್ಕಾ, ೨೮ಕ್ಕ ಸೈನ್ಸ್ ಡೇ. ಹೊಸಾದೊಂದು ಮಾಡಿ ಕಳಸು. ಅದ ನಕಾಶೆ. ಮುರದದ್ದನ್ನ ಅಂಟಿಸಿ ತೂಗಿ ನೋಡೇನಿ, ಮೂಗಿಗೆ ೧೪ ಗ್ರಾಂ ಸೀಸ ಬೇಕು. ಒಗೆದು ನೋಡಬ್ಯಾಡ, ಮೂಗು ಜಜ್ಜತೈತಿ. ಮಾರ್ಜಿನ್ ಬ್ಯಾಡ.' ಅಷ್ಟ. ಆರಾಮ ಅದಿಯಾ ಇಲ್ಲ, ಅವ್ವ ಹೆಂಗದಾಳ ಇಲ್ಲ. ಮಾರ್ಜಿನ್ ಬ್ಯಾಡ. ಆ ಎರಡು ಶಬ್ದ ಓದಿದಾಗ ಕೈಯಾಗಿನ ಕತ್ತರಿ ಒಗದುಬಿಡ್ಲೇನು ಅನಿಸಿತ್ತು. ಒಗೀಲಿಲ್ಲ, ಯಾಕಂದ್ರ ಅದು ಹೋದ ವಾರನ ಸಾಣಿ ಹಿಡಿಸಿದ ಕತ್ತರಿ.

ನಿನಗ ನೆನಪ ಐತೋ ಇಲ್ಲೋ, ನಾನ ನೆನಪ ಮಾಡಿಕೊಡ್ತೇನಿ. ಕೊರೊನಾದಾಗ ಸಾಲಿ ಮುಚ್ಚಿದಾಗ ನೀ ಮನಿಗೆ ಬಂದು ಆರ ತಿಂಗಳ ಕುಂತಿ. ಅವಾಗ ನಿನ್ನ ಮೊಬೈಲಿನ್ಯಾಗ ಒಂದು ಫೋಟೋ ತೋರ್ಸಿದಿ. ರೆಕ್ಕಿ ಇಲ್ಲದ ವಿಮಾನ. ಉದ್ದಕ್ಕ ಸೀಳಿದ ಬದನಿಕಾಯಿ ಬೋರಲ ಅಲ್ಲ, ಅಂಗಾತ ಮಲಗಿಸಿದಂಗ, ಮ್ಯಾಲ ಸಪಾಟ, ಕೆಳಗ ದುಂಡಗ ಹೊಟ್ಟಿ. ಅಮೆರಿಕಾದಾಗ ಅರವತ್ತು ವರ್ಷದ ಹಿಂದ ಪ್ಲಾಯ್‌ವುಡ್ಡಿನ್ಯಾಗ ಇಂಥಾದ್ದೊಂದು ಮಾಡಿ, ಕಾರಿಗೆ ಹಗ್ಗ ಕಟ್ಟಿ ಎಳದು ಹಾರಿಸಿ ನೋಡಿದ್ರು, ಇದಕ್ಕ ಲಿಫ್ಟಿಂಗ್ ಬಾಡಿ ಅಂತಾರ, ಮೈಯ್ಯ ರೆಕ್ಕಿ ಅಕ್ಕಾ ಅಂತ ಹೇಳಿದಿ. ಇಂಥಾದ್ದ ಸಣ್ಣದು ಕಾಗದದಾಗ ಮಾಡಿ, ಬಾಲದಾಗ ರಾಕೆಟ್ಟಿನ ಕೊಳವಿ ಕೂಡಿಸಿ, ದೂರ ನಿಂತು ಬಟನ್ ಒತ್ತಿದ್ರ ಐವತ್ತು ಮಾರು ಮ್ಯಾಲ ಹೋಗತೈತಿ, ಮದ್ದು ತೀರಿದ ಮ್ಯಾಲ ಖಾಲಿ ಕೊಳವಿ ಹೊಟ್ಟ್ಯಾಗ ಇಟಗೊಂಡು ಹದ್ದಿನಂಗ ತೇಲಿ ಇಳಿತೈತಿ ಅಂದಿ. ಹೇಳಿದ್ದೇನೋ ಹೇಳಿದಿ. ಮಾಡಾಕ ಬಂತೇನು ನಿನಗ? ಹದಿನೈದು ದಿನ ಕಾರ್ಡ್‌ಶೀಟು ಹಾಳು ಮಾಡಿದಿ. ಹೊಟ್ಟಿ ದುಂಡಗ ಮಾಡಾಕ ಹೋದ್ರ ಅಲ್ಲಲ್ಲೆ ಸುಕ್ಕು ಬೀಳತಿತ್ತು, ಮುದುಕಿ ಗಲ್ಲದಂಗ.

ನಾ ಮಿಷನ್ ಮ್ಯಾಲ ಕುಂತವಳು ಎಷ್ಟೋ ದಿನ ನೋಡಿ ನೋಡಿ ತಡಕೊಳ್ಳಾಕ ಆಗದ ಎದ್ದು ಬಂದ್ನಿ. ಸಪಾಟ ಅರಬಿ ದುಂಡನ ಮೈಗೆ ಕೂಡಬೇಕಂದ್ರ ಡಾಟ್ ಹಾಕಬೇಕು, ಕುಪ್ಪಸಕ್ಕ ಹಾಕತೇವಲ್ಲ ಹಂಗ, ಅದನ್ನೂ ಯಾರರ ಹೇಳಿಕೊಡಬೇಕೇನು ಮಾಸ್ತರಿಗೆ ಅಂದ್ನಿ. ಮೂರು ಕಡೆ ತ್ರಿಕೋಣ ಕತ್ತರಿಸಿ ಎಳದು ಅಂಟಿಸಿದ್ನಿ. ಹೊಟ್ಟಿ ತಾನ ದುಂಡಗಾತು. ನೀ ಅವತ್ತ ಅದನ್ನ ಕೈಯಾಗ ಹಿಡಕೊಂಡು ಮನಿ ತುಂಬ ತಿರುಗಿದಿ, ಅವ್ವಗ ತೋರ್ಸಿದಿ, ಅವ್ವ ಇದೇನು ಸೌಟು ಏನು ಅಂದ್ಲು. ಆಮ್ಯಾಲ ಮುಗದ ಊರಿಗೆ ಹೋಗಿ ಗಂಗಪ್ಪ ಕಾಕಾನ ಭತ್ತ ಕೊಯ್ದ ಗದ್ದ್ಯಾಗ ಒಗೆದು ಒಗೆದು ನೋಡಿದ್ವಿ. ಅಲ್ಲೆ ನೀನ ನನಗ ಕಲಿಸಿದ್ದು: ಹೊಟ್ಟಿ ಮ್ಯಾಲ ಹಾಕಿದ ತೂಕದ ಗುರುತಿನ ಕೆಳಗ ಎರಡು ಬೆರಳು ಇಟ್ಟು ಎತ್ತಿದ್ರ ವಿಮಾನ ತಕ್ಕಡಿ ದಂಡಿಗಿಯಂಗ ಸಮ ನಿಲ್ಲಬೇಕು. ಬಾಲ ಭಾರ ಆದ್ರ ಹಿಂದಕ್ಕ ಪಲ್ಟಿ ಹೊಡಿತೈತಿ, ಮೂಗು ಭಾರ ಆದ್ರ ನೆಟ್ಟಗ ಕೆಳಗ ಹೊಡಿತೈತಿ. ಅವತ್ತ ಬದುವಿನ ಮ್ಯಾಲಿಂದ ಒಗೆದದ್ದು ಕಾಕಾನ ಎಮ್ಮಿ ತನಕ ತೇಲಿಕೊಂಡು ಹೋತು. ನೀ ನನ್ನ ಕೈ ಹಿಡದು ಕುಣದಿ. ನಾಕು ವರ್ಷದಾಗ ಹನ್ನೊಂದು ಮಾಡಿದ್ವಿ ಮಾಲತೇಶ, ಹನ್ನೊಂದೂ ನನ್ನ ಕೈಯಾಗ ಕತ್ತರಿಸಿದ್ದು.

ಈಗ ಡಿಸೆಂಬರಿಗೆ ಬರ್ತೇನಿ. ಅದನ್ನ ಬಿಟ್ಟು ಬರಿಯೂ ಹಂಗಿಲ್ಲ.

ದೊಡ್ಡದು ಮಾಡೋಣಕ್ಕಾ, ಸಾಲ್ಯಾಗ ಎಲ್ಲಾರ ಮುಂದ ಹಾರಸ್ತೇನಿ, ನೀನೂ ಬಾ ಅಂದಿ. ಹುಚ್ಚಿಯಂಗ ಬಂದ್ನಿ. ಹುಬ್ಬಳ್ಳಿಂದ ಅಲ್ಲಿತನಕ ಡಬ್ಬಿ ತೊಡಿ ಮ್ಯಾಲ ಇಟಗೊಂಡ ಕುಂತಿದ್ನಿ. ಕಂಡಕ್ಟರ್, ಅಕ್ಕಾರ ಮ್ಯಾಲ ಇಡ್ರಿ, ಕಾಲು ಜೋಮ ಹಿಡಿತಾವು ಅಂದಾ. ಇಡ್ಲಿಲ್ಲ. ಮುಂಜಾನೆ ಮೈದಾನದಾಗ ಎಲ್ಲಾರೂ ವಿಮಾನದ ಸುತ್ತ ನಿಂತಿದ್ರು. ನಿಮ್ಮ ಹೆಡ್‌ಮಾಸ್ತರ ಗುರುಶಿದ್ದಪ್ಪ ಸರ್ ಹೊಟ್ಟಿ ಮ್ಯಾಲ ಕೈ ಆಡಿಸಿ, ಏನ ಸಫಾಯಿ ಮಾಡೀರಿ ಮಾಲತೇಶ, ಅಚ್ಚಿನ್ಯಾಗ ಎರದಂಗ ಐತಿ ಅಂದ್ರು. ನಾ ಅಲ್ಲೆ ಕುರ್ಚಿ ಮ್ಯಾಲ ಚಪಾತಿ ಡಬ್ಬಿ ಹಿಡಕೊಂಡು ಕುಂತಿದ್ನಿ. ನೀ ನನ್ನ ಕಡೆ ಒಂದ ಸಲ ನೋಡಿದಿ. ನೋಡಿ, ಏನಿಲ್ರಿ ಸರ್, ಸ್ವಲ್ಪ ಪ್ರಾಕ್ಟೀಸು ಅಂದಿ. ಸ್ವಲ್ಪ ಪ್ರಾಕ್ಟೀಸು. ಇರ್ಲಿ ಅಂದ್ಕೊಂಡ್ನಿ. ಸಣ್ಣಾಂವ, ನಾಕು ಮಂದ್ಯಾಗ ಹೆಸರು ಬರ್ಲಿ ಅಂದ್ಕೊಂಡ್ನಿ. ಖರೇ ಹೇಳ್ತೇನಿ, ಅವಾಗ ನನಗ ಸಿಟ್ಟ ಬರ್ಲಿಲ್ಲ.

ಮ್ಯಾಲ ಹೋಗೂದು ಛಂದ ಹೋತು. ಮದ್ದು ತೀರಿತು, ಹೊಗಿ ನಿಂತಿತು, ಇನ್ನ ತೇಲತೈತಿ ಅನ್ನೂದ್ರಾಗ ಬಾಲ ಕೆಳಗ ಮಾಡಿ ಪಲ್ಟಿ, ಮತ್ತ ಪಲ್ಟಿ. ಎರಡನೇ ಸಾಲಿನ ಹುಡುಗಿ ಸೌಮ್ಯಾನ ಹುಬ್ಬಿನ ಮ್ಯಾಲ ಬಂದು ಬಿತ್ತು. ನನ್ನ ಸೆರಗಿಲೆ ನಾನ ಒತ್ತಿ ಹಿಡದಿದ್ನಿ, ನನ್ನ ತೊಡಿ ಮ್ಯಾಲ ಅದರ ತಲಿ ಇತ್ತು. ಏಳನೇತ್ತಾ ಓದೂ ಕೂಸು, ಅಳಲಿಲ್ಲ. ಅಕ್ಕಾರ, ಅದು ಮುರೀತೇನ್ರಿ ಅಂತ ಕೇಳಿತು. ಮೂರು ಹೊಲಿಗಿ ಬಿದ್ವು ಅದಕ್ಕ. ಬಟ್ಟಿಗೆ ಎಷ್ಟು ಲಕ್ಷ ಹೊಲಿಗಿ ಹಾಕೇನಿ ಲೆಕ್ಕಿಲ್ಲ, ಆ ಮೂರು ಹೊಲಿಗಿ ಮಾತ್ರ ಕಣ್ಣಾಗ ಅದಾವು.

ನಾ ಆ ಕೂಸಿನ ತಲಿ ಹಿಡಕೊಂಡು ಕುಂತಾಗ ನೀ ಏನ ಮಾಡಾಕತ್ತಿದ್ದಿ? ಗುರುಶಿದ್ದಪ್ಪ ಸರ್ ಇದೇನ್ರಿ ಹಿಂಗಾತು ಅಂತ ಗದರಿಸಿದ್ರು. ನೀ ಮುರದ ವಿಮಾನ ಎತ್ತಿ, ಬಿರಕಿನ್ಯಾಗ ಒಳಗ ಮಡಚಿದ ಪಟ್ಟಿ ಎಳದು ತೋರ್ಸಿದಿ. ತೋರ್ಸಿ ಅಂದಿ: ನಮ್ಮಕ್ಕ ಟೇಲರ್ ಅದಾಳ್ರಿ ಸರ್, ವಿಮಾನ ನಾಳೆ ದಪ್ಪಗಾದ್ರ ಬಿಚ್ಚಿ ಹೊಲ್ಯಾಕ ಬರ್ಲಿ ಅಂತ ಮಾರ್ಜಿನ್ ಬಿಟ್ಟಾಳ. ಎಲ್ಲಾರೂ ನಕ್ಕರು. ಡ್ರಿಲ್ ಮಾಸ್ತರಂತೂ ಹೊಟ್ಟಿ ಹಿಡಕೊಂಡು ನಕ್ಕಾ. ಗುರುಶಿದ್ದಪ್ಪ ಸರ್ ಸಿಟ್ಟು ಇಳದು ಅವರೂ ನಕ್ಕರು. ನಕ್ಕು, ಇನ್ನೊಮ್ಮೆ ಹಿಂಗ ಬಿದ್ದರ ಈ ಆಟ ಬಂದ್ ನೋಡ್ರಿ ಅಂತ ಹೇಳಿ ಹೋದ್ರು. ನೀ ಪಾರಾದಿ. ಸ್ವಲ್ಪ ಹೊತ್ತಿನ ಮೊದಲ ನಿನಗ ಅಕ್ಕ ಇರ್ಲಿಲ್ಲ, ವಿಮಾನ ಮುರದ ಕೂಡ್ಲೇ ಅಕ್ಕ ಬಂದ್ಲು. ಅಚ್ಚಿನ್ಯಾಗ ಎರದಂಗ ಇದ್ದಾಗ ಅದು ನಿನ್ನ ಪ್ರಾಕ್ಟೀಸು, ಬಿದ್ದಾಗ ಟೇಲರ್ ಮಾಡಿದ್ದು.

ನಾ ಚಪಾತಿ ಡಬ್ಬಿ ಕಟ್ಟಿ ಮ್ಯಾಲ ಇಟ್ಟು ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ನಿ. ನೀ ಸ್ಟ್ಯಾಂಡಿಗೂ ಬರ್ಲಿಲ್ಲ.

ನಾ ಸಾಲಿ ಕಲಿತವಳಲ್ಲ ಅನ್ನೂದು ನನಗ ಗೊತ್ತೈತಿ, ನೀ ಮಂದ್ಯಾಗ ಹೇಳೂದೇನ ಬೇಕಾಗಿಲ್ಲ. ಅವ್ವಗ ಟೈಫಾಯ್ಡ್ ಆದ ವರ್ಷ ನಾ ಎಂಟನೇತ್ತಾ ಇದ್ನಿ. ನಾಕು ತಿಂಗಳ ಮನ್ಯಾಗಿರು, ಆಮ್ಯಾಲ ಹೋಗೀಯಂತ ಅಂದ್ರು. ಅವ್ವ ಎದ್ದು ಕುಂತ ಮ್ಯಾಲ ಯಾರಿಗೂ ಆ ಮಾತು ನೆನಪಾಗಲಿಲ್ಲ, ನನಗೂ ಕೇಳಾಕ ಅಂಜಿಕಿ. ನಾ ಏನರ ಕೇಳಾಕ ಯಾವಾಗ ಅಂಜಿಲ್ಲ? ಹೋಗ್ಲಿ ಬಿಡು. ಆದ್ರ ನಿನ್ನ ನಕಾಶೆ ಓದಾಕ ನನಗ ಬರತೈತಿ. ಗೆರಿ ಅಂದ್ರ ಗೆರಿ. ಆ ಬಿರಕಿನ್ಯಾಗ ನೀ ಎಳದು ತೋರಿಸಿದ ಪಟ್ಟಿ ನಿನ್ನ ನಕಾಶೆದಾಗ ಇದ್ದ ಅಂಟಿನ ಪಟ್ಟಿ, ನೀನ ಗೆರಿ ಹಾಕಿ ಕೊಟ್ಟದ್ದು. ಕುಪ್ಪಸಕ್ಕ, ಜಂಪರಕ್ಕ ಅರ್ಧ ಇಂಚು ಬಿಡತೇನಿ, ಬಿಡದಿದ್ರ ಮಂದಿ ಬಯ್ತಾರ, ಎಲ್ಲಾ ಟೇಲರೂ ಬಿಡ್ತಾರ. ವಿಮಾನಕ್ಕ ಬಿಡಬಾರ್ದು ಅನ್ನೂವಷ್ಟು ಬುದ್ಧಿ ನನಗಿಲ್ಲೇನು? ನಾ ಮಾರ್ಜಿನ್ ಬಿಟ್ಟಿಲ್ಲ. ಅವತ್ತೂ ಹೇಳಿದ್ನಿ, ಇವತ್ತೂ ಹೇಳತೇನಿ, ಒಂದು ನೂಲಿನಷ್ಟೂ ಬಿಟ್ಟಿಲ್ಲ.

ಖರೇ ತಪ್ಪು ಯಾರದು ಹೇಳ್ಲೇನು? ನಾ ಹೊರಡೂ ಹಿಂದಿನ ದಿನ ಫೋನ್ ಮಾಡಿ ಹೇಳಿದ್ನಿ, ಮಾಲತೇಶ, ಇದು ದೊಡ್ಡದು, ಒಮ್ಮೆ ಮುಗದಕ್ಕ ಹೋಗಿ ಕೈಲೆ ಒಗೆದು ನೋಡಿ ತರ್ತೇನಿ, ನನಗ ಯಾಕೋ ಧೈರ್ಯ ಇಲ್ಲ ಅಂತ. ನೀ ಏನಂದಿ? ನಿನಗ ಯಾವಾಗ ಧೈರ್ಯ ಇತ್ತಕ್ಕಾ, ಹಾಲು ಉಕ್ಕಿದ್ರೂ ನಿನಗ ಅಂಜಿಕಿ, ನಂದು ಲೆಕ್ಕ ಐತಿ ತಾ ಅಂದಿ. ಬೆರಳ ಮ್ಯಾಲರ ಇಟ್ಟು ನೋಡಿದ್ಯಾ? ನಾ ನೋಡಿಲ್ಲ, ನೀನೂ ನೋಡಿಲ್ಲ, ಡಬ್ಬಿಂದ ತಗದವನ ಸೀದಾ ಹಾರಸೂ ಕಂಬಕ್ಕ ಏರಿಸಿದಿ. ಅಂಜೂ ಮಂದಿಗೆ ಎಲ್ಲಾರೂ ನಗತಾರ. ನನ್ನ ಅಂಜಿಕಿ ಮಾತು ಒಂದ ದಿನ ಕೇಳಿದ್ರ ಆ ಕೂಸಿಗೆ ಹೊಲಿಗಿ ಬೀಳತಿರ್ಲಿಲ್ಲ. ಕೆಂಡದಂಥಾ ಸಿಟ್ಟು ಐತಿ ನನಗ ನಿನ್ನ ಮ್ಯಾಲ. ಮಿಷನ್ ತುಳಿಯೂವಾಗ ನೆನಪಾದ್ರ ದಾರ ಕಡಿಯೂವಷ್ಟು ಜೋರ ತುಳಿತೇನಿ, ಮಗ್ಗಲ ಅಂಗಡಿ ರುಕ್ಮವ್ವ ಬಂದು ಏನಾತು ಅಂತ ಕೇಳತಾಳ.

ಹಂಗಾದ್ರ ಹೊಸಾದ ಯಾಕ ಮಾಡಿದಿ ಅಂತಿ. ನಿನಗಂತ ಮಾಡಿಲ್ಲ. ಆಟ ಬಂದ್ ಆದ್ರ ಆ ಹುಡುಗ್ಯಾರಿಗೆ ಬ್ಯಾಸರ ಆಗತೈತಿ. ಮುರೀತೇನ್ರಿ ಅಂತ ಕೇಳಿತಲ್ಲ ಅದಕ್ಕ ಒಂದು ನೆಟ್ಟಗ ಹಾರಿದ್ದು ತೋರಸಬೇಕು. ಇನ್ನ ಮಾಡೂದ ಆದ್ರ ನಿನ್ನ ಮಾತಿನ ಒಂದು ಅಕ್ಷರ ಮೀರಬಾರ್ದು ಅಂತ ಹಟಾ ಹಿಡದು ಮಾಡೇನಿ, ಮತ್ತ ಟೇಲರ್ ಅನಿಸಿಕೊಳ್ಳೂದು ನನಗ ಬೇಕಾಗಿಲ್ಲ. ಡಿಸೆಂಬರದ್ದಕ್ಕ ಮಾಡಿದಂಗ ಮೊದಲ ಖಾಕಿ ಕಾಗದದಾಗ ಅಳತಿ ಕಟಿಂಗ್ ತಗದು, ಅದರ ಗುಂಟ ಕತ್ತರಿಸೂದು ಈ ಸಲ ಮಾಡಲೇ ಇಲ್ಲ. ನಿನ್ನ ನಕಾಶೇನ ಕಾರ್ಡ್‌ಶೀಟಿನ ಮ್ಯಾಲ ಹಾಸಿ, ಗೆರಿ ಗುಂಟ ಸೂಜಿ ಚುಚ್ಚಿಕೋತ ಹೋಗಿ, ಆ ತೂತಿನ ಮ್ಯಾಲ ಕತ್ತರಿ ಆಡಿಸೇನಿ. ಹನ್ನೆರಡು ದಿನ ಹಿಡೀತು. ಗಿರಾಕಿ ಕುಪ್ಪಸ ಎಲ್ಲಾ ಹಿಂದ ಬಿದ್ವು, ಒಬ್ಬಾಕಿ ಮದಿವಿ ಕುಪ್ಪಸ ಕಸಗೊಂಡು ಬ್ಯಾರೆ ಕಡೆ ಹೋದ್ಲು. ಸೀಸ ನಿಮ್ಮ ಮಾವ ತಂದುಕೊಟ್ರು, ಅವರ ಟೈರ್ ಅಂಗಡ್ಯಾಗ ಗಾಲಿ ಬ್ಯಾಲೆನ್ಸ್ ಮಾಡಾಕ ಬಡಿತಾರಲ್ಲ, ಆ ಸಣ್ಣ ತುಂಡು. ಬಂಗಾರದಂಗಡ್ಯಾಗ ತೂಗಿಸಿಕೊಂಡು ಬಂದೇನಿ. ಅಂಗಡಿಯವ, ಏನ್ರಿ ಅಕ್ಕಾರ ಸೀಸದ್ದು ಬೋರಮಾಳ ಮಾಡಸ್ತೀರೇನು ಅಂದಾ. ಹದಿನಾಲ್ಕು ಗ್ರಾಂ ಅಂದ್ರ ಹದಿನಾಲ್ಕು. ಮೂಗಿನ್ಯಾಗ ಇಟ್ಟು ಅಂಟಿನ ಹಿಟ್ಟು ತುಂಬಿ ಸೀಲ್ ಮಾಡೇನಿ, ಕಲ್ಲಾಗೈತಿ. ಒಗೆದು ನೋಡಬ್ಯಾಡ ಅಂದ್ಯಲ್ಲ, ಒಗೀಲಿಲ್ಲ. ನೋಡಬೇಕು ಅಂತ ಕೈ ತುರಸತಿತ್ತು, ಮುಗದದ ಬಸ್ಸಿಗೆ ಎರಡ ಸಲ ಚಪ್ಪಲಿ ಮೆಟ್ಟಿದ್ನಿ, ಸಿಟ್ಟಿಗೆ ಹೋಗಲಿಲ್ಲ. ನೀ ಹೇಳಿದ್ದಷ್ಟ ಮಾಡೇನಿ. ಇನ್ನ ಬಿದ್ರ ಯಾರ ಹೆಸರು ಹೇಳ್ತಿ ನೋಡೋಣ ಅಂತ.

ಇಷ್ಟು ಬರದ ಮ್ಯಾಲ ನನ್ನ ಮಾತು ಎರಡ ಅದಾವು. ಒಂದು, ಹುಡುಗ್ಯಾರನ್ನ ಮೈದಾನದಾಗ ಕುಂದ್ರಸಬ್ಯಾಡ, ಕಟ್ಟಿ ಮ್ಯಾಲ ತಗಡಿನ ಕೆಳಗ ಕುಂದ್ರಸು, ಅಲ್ಲಿಂದ ನೋಡ್ಲಿ. ಸೌಮ್ಯಾನ್ನ ಎಲ್ಲಾರ್ಕಿಂತ ಹಿಂದ ಕುಂದ್ರಸು. ಇನ್ನೊಂದು, ಬಟನ್ ಒತ್ತೂದಕ್ಕಿಂತ ಮೊದಲ, ಅದು ಹಾರತೈತೋ ಬೀಳತೈತೋ ಯಾರಿಗೂ ಗೊತ್ತಿಲ್ಲದಾಗ, ಗುರುಶಿದ್ದಪ್ಪ ಸರ್ ಮುಂದ, ಆ ಡ್ರಿಲ್ ಮಾಸ್ತರ ಮುಂದ ಹೇಳು, ಇದನ್ನ ಮಾಡಿದಾಕಿ ನಮ್ಮಕ್ಕ ಸುಮಲತಾ ಅಂತ. ಹಾರಿದ ಮ್ಯಾಲ ಹೇಳಿದ್ರ ಅದು ನೀ ನನಗ ದಾನ ಕೊಟ್ಟಂಗ. ಬಿದ್ದ ಮ್ಯಾಲ ಹೇಳಿದ್ರ ಏನಂತ ನಿನಗ ಗೊತ್ತೈತಿ. ಹೇಳಾಕ ಆಗಂಗಿಲ್ಲ ಅಂದ್ರ ಡಬ್ಬಿ ಬಿಚ್ಚಬ್ಯಾಡ, ಬಂದ ಬಸ್ಸಿಗೆ ತಿರುಗಿ ಹಾಕು. ನನ್ನ ಮಿಷನ್ ಮ್ಯಾಲ ತೂಗ ಹಾಕತೇನಿ, ಗಿರಾಕಿ ಸೌಟು ಏನ್ರಿ ಅಂತ ಕೇಳ್ಲಿ.

ಬರೂ ಬುಧವಾರ ಶಿವರಾತ್ರಿ. ಉಪವಾಸ ಮಾಡಬ್ಯಾಡ, ನಿನ್ನ ಹೊಟ್ಟಿಗೆ ಆಗಂಗಿಲ್ಲ, ಸ್ವಲ್ಪ ಸಾಬೂದಾಣಿ ಮಾಡಕೊಂಡು ತಿನ್ನು, ನಿನ್ನ ಪಾಲಿನ ಉಪವಾಸಾನೂ ಅವ್ವ ಮಾಡತಾಳಂತ. ಅವ್ವನ ಕೈ ನಿನ್ನ ತಲಿ ಮ್ಯಾಲ ಐತಿ ಅಂತ ತಿಳಕೋ. ನಿಮ್ಮ ಮಾವ ನೆನಿಸ್ಯಾರ ಅಂತ ಬರಿ ಅಂದ್ರು. ನನ್ನ ಸಿಟ್ಟೂ ಹರಕಿನೂ ಎರಡೂ ಇದ ಡಬ್ಬ್ಯಾಗ ಹಾಕಿ ದಾರ ಬಿಗದೇನಿ, ಯಾವುದು ಮೊದಲ ಬಿಚ್ಚತಿ ಬಿಚ್ಚು.

ಇಂತಿ ನಿಮ್ಮಕ್ಕ,
ಸುಮಲತಾ

ತಾ.ಕ.: ಮಾಲತೇಶ, ಇದನ್ನ ನಿಂತಕೊಂಡ ಬರ್ಯಾಕತ್ತೇನಿ, ಅಕ್ಷರ ಸೊಟ್ಟ ಆದ್ರೂ ಓದು. ನಿಮ್ಮ ಮಾವ ಗಾಡಿ ಚಾಲೂ ಮಾಡಿ ಹೊರಗ ಹಾರ್ನ್ ಹೊಡ್ಯಾಕತ್ತಾರ, ಪಾರ್ಸಲ್ ತಗೊಳ್ಳೂದು ಐದರ ತನಕ ಅಷ್ಟ. ಡಬ್ಬ್ಯಾಗ ಸಂದಿ ತುಂಬಾಕ ರದ್ದಿ ಬೇಕಾಗಿತ್ತು ಅಂತ ಮಿಷನ್ ಕೆಳಗಿನ ಗಂಟು ಬಿಚ್ಚಿದ್ನಿ. ಡಿಸೆಂಬರದ ವಿಮಾನದ ಖಾಕಿ ಕಟಿಂಗ್ ಅದರಾಗ ಇತ್ತು. ನಿನ್ನ ನಕಾಶೆ ಮ್ಯಾಲ ಹಾಸಿ ನೋಡಿದ್ನಿ. ನಿನ್ನ ಅಂಟಿನ ಪಟ್ಟಿ ದಾಟಿ ಸುತ್ತಲೂ ಅರ್ಧ ಇಂಚು ಹೊರಗ ಐತಿ. ನಾ ಅರಬಿ ಮ್ಯಾಲ ಗುರುತು ಹಾಕೂ ನೀಲಿ ಖಡುವಿನ ಗೆರಿ, ನನ್ನ ಕೈದ. ಎಳದದ್ದು ನೆನಪಿಲ್ಲ, ಕೈ ತಾನ ಎಳದೈತಿ. ಈ ಸಲ ಅಂಟಿನ ಪಟ್ಟಿ ಬೆರಳಿಗೆ ಸಿಗವಲ್ದಾಗಿತ್ತು, ಕಣ್ಣು ಮಂಜಾದ್ವು ಅಂತ ತಿಳಕೊಂಡಿದ್ನಿ. ಕಣ್ಣು ಸರಿ ಅದಾವು. ಮಾರ್ಜಿನ್ ಬಿಟ್ಟಾಕಿ ನಾನ.

ಮ್ಯಾಲ ಬರದದ್ದು ಹೊಡದು ಹಾಕಂಗಿಲ್ಲ, ವ್ಯಾಳೆನೂ ಇಲ್ಲ, ಮನಸೂ ಇಲ್ಲ. ತಪ್ಪು ನಂದು, ನಗಿಸಿದ್ದು ನಿಂದು. ಅದಕ್ಕಿಂತ ಮುಖ್ಯ ಇದು ಕೇಳು. ಬಾಲದ ಕಡೆ ಮೈ ಅಗಲ, ಅದಕ್ಕ ಮುರದದ್ದರ ಬಾಲದಾಗ ನನ್ನ ಅರ್ಧ ಇಂಚಿನ ಭಾರ ಹೆಚ್ಚಿತ್ತು, ಅದನ್ನ ತೂಗಿ ನೀ ಹದಿನಾಲ್ಕು ಗ್ರಾಂ ಅಂದಿ. ಇದರಾಗ ಆ ಭಾರ ಇಲ್ಲ. ಮಾರ್ಜಿನ್ ಬ್ಯಾಡ ಅಂತೀ, ಮಾರ್ಜಿನ್ ಇದ್ದದ್ದರ ತೂಕ ಹಾಕು ಅಂತೀ, ನೀ ಮಾಸ್ತರ ಆಗಿ ಇಷ್ಟು ನೋಡಬಾರ್ದೇನು? ನೀ ಅಳತಿಗೆ ಕೊಟ್ಟ ಖಾಲಿ ಕೊಳವಿ ಬಾಲಕ್ಕ ತುರುಕಿ ಈಗ ಬೆರಳ ಮ್ಯಾಲ ಎತ್ತಿ ನೋಡಿದ್ನಿ, ಮೂಗು ಸೀದಾ ಕೆಳಗ ಹೋತು. ಹಾರಸಿದ್ರ ಮೂಗಿಲೆ ಬಂದು ಹೊಡಿತೈತಿ. ನಾ ಸೀಲ್ ಬಿಚ್ಚಾಕ ಕುಂತ್ರ ಬಸ್ಸು ಹೋಗತೈತಿ. ನೀ ಮೂಗಿನ ಅಡ್ಯಾಗ ಬ್ಲೇಡಿಲೆ ಬಟನ್ ತೂತಿನಷ್ಟು ಸೀಳಿ, ಸೀಸ ಚೂರು ಚೂರ ತಗದುಕೋತ ಹೋಗು. ಡಬ್ಬಿ ಮ್ಯಾಲೂ ಕೆಂಪು ಪೆನ್ನಿಲೆ ಬರದೇನಿ, ಫೋನೂ ಹಚ್ಚತೇನಿ, ಎತ್ತು. ಎಷ್ಟು ಗ್ರಾಂ ಉಳೀತು ಅನ್ನೂದು ನನಗ ಬ್ಯಾಡ. ಖಾಲಿ ಕೊಳವಿ ಒಳಗಿಟ್ಟು, ಗುರುತಿನ ಕೆಳಗ ಎರಡು ಬೆರಳು ಹಿಡದು, ಸಮ ನಿಲ್ಲತೈತೋ ಇಲ್ಲೋ ಅಷ್ಟು ಇನ್ನೊಮ್ಮೆ ನೋಡು.